ಸ್ಕ್ರೀನ್ ಕೆಟ್ಟಿದೆ ಅಂದ್ರೆ, ಹೇಗೆ ಕೆಟ್ಟಿದೆ ಅಂತ ಯಾಕೆ ಕೇಳಲ್ಲ?

ಪುಸ್ತಕ ವಿಮರ್ಶೆ ಓದ್ತೀವಿ, ಸಿನಿಮಾ ವಿಮರ್ಶೆ ಓದ್ತೀವಿ, ದರ್ಶಿನಿಯ ದೋಸೆಗೂ ಸ್ಟಾರ್ ಕೊಡ್ತೀವಿ. ಆದರೆ ನಮ್ಮಂಥ ಐಟಿ ಜನ ದಿನಬೆಳಗಾದರೆ ಓದುವ ಒಂದು ಬರವಣಿಗೆಯನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡಿದ್ದು ನಾನು ನೋಡಿಲ್ಲ. ಅದು ಸಾಫ್ಟ್‌ವೇರ್ ಕಂಪನಿಗಳು ಬರೆಯುವ ಹೆಲ್ಪ್ ಪೇಜ್. ಅದಕ್ಕೂ ಒಬ್ಬ ಬರಹಗಾರ ಇರ್ತಾನೆ, ಓದುಗ ಇರ್ತಾನೆ, ಶೈಲಿ ಇರುತ್ತೆ. ಕೆಟ್ಟ ಕಾದಂಬರಿ ಓದಿದರೆ ಒಂದು ಭಾನುವಾರ ಹಾಳಾಗಬಹುದು. ಕೆಟ್ಟ ಹೆಲ್ಪ್ ಪೇಜ್ ಓದಿದರೆ ದುಡ್ಡೇ ಹೋಗುತ್ತೆ, ಅದಕ್ಕೆ ಒಂದು ಉದಾಹರಣೆ ಮುಂದೆ ಕೊಡ್ತೀನಿ.

ಇವತ್ತು ಒಂದೇ ಒಂದು ಜಾತಿಯ ಪುಟ ತಗೊಳ್ಳೋಣ. ಫೋಟೋ ಎಡಿಟ್ ಮಾಡುವ ಪ್ರೋಗ್ರಾಂ, ತ್ರೀಡಿ ಡಿಸೈನ್, ವಿಡಿಯೋ ಎಡಿಟಿಂಗ್, ಅಥವಾ ದೊಡ್ಡದೊಂದು ಗೇಮ್. ತೆರೆದಿದ್ದಾಗ ಎಲ್ಲಾ ಚೆನ್ನಾಗಿರುತ್ತೆ. ಮುಚ್ಚಿದ ತಕ್ಷಣ ಡೆಸ್ಕ್‌ಟಾಪ್ ತುಂಬಾ ಗೆರೆ, ಚೌಕ ಚೌಕ ಚೂರು, ಐಕಾನ್ ಇದ್ದ ಕಡೆ ಕಪ್ಪು ಡಬ್ಬಿ, ಇಲ್ಲಾ ಇಡೀ ಪರದೆ ಸುಣ್ಣ ಬಳಿದ ಹಾಗೆ ಬಿಳಚಿಕೊಂಡಿರುತ್ತೆ. ಇದಕ್ಕೆ ಪರಿಹಾರ ಅಂತ ಇರುವ ಪುಟಗಳನ್ನು ಯಾವ ಕಂಪನಿಯದ್ದಾದರೂ ತೆಗೆದು ನೋಡಿ, ಹೆಚ್ಚುಕಮ್ಮಿ ಒಂದೇ ಮಂತ್ರ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡ್ರೈವರ್ ಅಪ್‌ಡೇಟ್ ಮಾಡಿ. ಪ್ರೋಗ್ರಾಂ ತೆಗೆದು ಮತ್ತೆ ಹಾಕಿ. ಹೋಗಲಿಲ್ವಾ, ಗ್ರಾಫಿಕ್ಸ್ ಕಾರ್ಡ್ ಮಾಡಿದವರನ್ನು ಕೇಳಿ.

ನಮ್ಮ ಕಡೆ ಹಸುಗೆ ಹುಷಾರಿಲ್ಲ ಅಂತ ಪಶು ಡಾಕ್ಟರಿಗೆ ಫೋನ್ ಮಾಡಿದರೆ ಅವರು ಔಷಧಿ ಹೆಸರು ಹೇಳೋಕೆ ಮುಂಚೆ ನಾಲ್ಕು ಮಾತು ಕೇಳ್ತಾರೆ. ಮೆಲುಕು ಹಾಕ್ತಿದೆಯಾ? ಸಗಣಿ ಹೇಗಿದೆ? ನಿನ್ನೆ ಏನು ತಿಂತು? ಹೊಟ್ಟೆ ಎಡಗಡೆ ಉಬ್ಬಿದೆಯಾ? ಬಾಯಿಲ್ಲದ ಪ್ರಾಣಿಗೆ ಸಿಗುವ ಈ ಮರ್ಯಾದೆ ಬಾಯಿರುವ ಬಳಕೆದಾರನಿಗೆ ಸಿಗಲ್ಲ. ಏನು ಕಾಣ್ತಿದೆ ಅಂತ ಒಂದು ಪ್ರಶ್ನೆಯೂ ಇಲ್ಲದೆ ಪುಟ ನೇರ ಔಷಧಿಗೆ ಇಳಿಯುತ್ತೆ.

ರೀಸ್ಟಾರ್ಟ್ ಬಗ್ಗೆ ನನ್ನ ತಕರಾರು ಅದು ಕೆಲಸ ಮಾಡಲ್ಲ ಅಂತಲ್ಲ. ಮಾಡುತ್ತೆ, ಅದೇ ತೊಂದರೆ. ಕಾರ್ಡಿನ ಮೆಮೊರಿ, ಬಣ್ಣದ ಕೋಷ್ಟಕ, ಡ್ರೈವರಿನ ಸ್ಥಿತಿ ಎಲ್ಲವನ್ನೂ ಒಂದೇ ಏಟಿಗೆ ತೊಳೆದುಬಿಡುತ್ತೆ. ಕಳ್ಳತನ ಆದ ಮನೆಯನ್ನು ಪೊಲೀಸರು ಬರುವ ಮುಂಚೆ ಗುಡಿಸಿ ಸಾರಿಸಿದ ಹಾಗೆ. ನಾಳೆ ಮತ್ತೆ ಅದೇ ಆದಾಗ ಹಿಡಿಯೋಕೆ ಒಂದು ಹೆಜ್ಜೆ ಗುರುತೂ ಇರಲ್ಲ.

ಮೂಲದಲ್ಲಿರುವ ಪದವೇ ನೋಡಿ: ಡಿಸ್‌ಪ್ಲೇ ಕರಪ್ಷನ್. ಇದನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ಪ್ರದರ್ಶನ ಭ್ರಷ್ಟಾಚಾರ’ ಅಂತ ಬಂದರೂ ಬರಬಹುದು, ಲೋಕಾಯುಕ್ತಕ್ಕೆ ದೂರು ಕೊಡೋ ಥರ. ತಮಾಷೆ ಬಿಡಿ, ಈ ಒಂದು ಪದದ ಹೊಟ್ಟೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಕಾಯಿಲೆಗಳಿವೆ. ಅವುಗಳನ್ನು ಬೇರೆ ಮಾಡೋದು ಕಷ್ಟವೂ ಅಲ್ಲ. ಪರದೆ ಮೇಲೆ ನೀವು ನೋಡುವ ಚಿತ್ರ ಒಂದು ದಾರಿ ಹಿಡಿದು ಬರುತ್ತೆ. ಪ್ರತಿ ಪ್ರೋಗ್ರಾಂ ತನ್ನ ಕಿಟಕಿಯನ್ನು ತಾನು ಬರೆಯುತ್ತೆ. ಆಪರೇಟಿಂಗ್ ಸಿಸ್ಟಂ ಅವನ್ನೆಲ್ಲ ಜೋಡಿಸಿ ಒಂದು ಪೂರ್ತಿ ಚಿತ್ರ ಮಾಡಿ ಮೆಮೊರಿಯಲ್ಲಿ ಇಡುತ್ತೆ. ಅಲ್ಲಿಂದ ಹೊರಗೆ ಹೋಗುವಾಗ ಕಾರ್ಡಿನೊಳಗಿನ ಒಂದು ಬಣ್ಣದ ಕೋಷ್ಟಕದ ಮೂಲಕ ಹಾದುಹೋಗುತ್ತೆ. ‘ಇಷ್ಟು ಬೆಳಕು ಕೇಳಿದರೆ ಇಷ್ಟು ಕೊಡು’ ಅನ್ನುವ ಪಟ್ಟಿ ಅದು. ಆಮೇಲೆ ಕೇಬಲ್, ಆಮೇಲೆ ಮಾನಿಟರ್.

ಸ್ಕ್ರೀನ್‌ಶಾಟ್ ಅನ್ನೋದು ಈ ದಾರಿಯ ಮಧ್ಯದಲ್ಲಿ, ಜೋಡಿಸಿಟ್ಟ ಚಿತ್ರದಿಂದ ತೆಗೆಯುವ ನಕಲು. ಆದ್ದರಿಂದ ಪರದೆ ಕೆಟ್ಟಾಗ ಮೊದಲು ಮಾಡಬೇಕಾದ್ದು ಒಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೆ ಕಡೆ, ಅಂದರೆ ಫೋನಿನಲ್ಲಿ ನೋಡೋದು. ಅಲ್ಲೂ ಚಿತ್ರ ಕೆಟ್ಟಿದ್ದರೆ ತೊಂದರೆ ಬಹುಮಟ್ಟಿಗೆ ನಕಲು ತೆಗೆದ ಜಾಗಕ್ಕಿಂತ ಮೊದಲೇ ಇದೆ: ಪ್ರೋಗ್ರಾಂ, ಡ್ರೈವರ್, ಮೆಮೊರಿ. ಅಲ್ಲಿ ಚೆನ್ನಾಗಿದ್ದು ಪರದೆ ಮೇಲೆ ಮಾತ್ರ ಕೆಟ್ಟಿದ್ದರೆ ತೊಂದರೆ ಆಚೆಗಿದೆ: ಬಣ್ಣದ ಕೋಷ್ಟಕ, ಕೇಬಲ್, ಮಾನಿಟರ್. ನಂಬಿಕೆ ಬರದಿದ್ದರೆ ರಾತ್ರಿ ವಿಂಡೋಸ್‌ನ ನೈಟ್ ಲೈಟ್ ಹಾಕಿಕೊಂಡು ಸ್ಕ್ರೀನ್‌ಶಾಟ್ ತೆಗೆದು ಯಾರಿಗಾದರೂ ಕಳಿಸಿ. ನಿಮಗೆ ಕಾಣುವ ಹಳದಿ ಅವರಿಗೆ ಕಾಣಲ್ಲ.

ಇದೇ ಥರ ಇನ್ನೊಂದು. ಕೆಟ್ಟ ಜಾಗದ ಮೇಲೆ ಯಾವುದಾದರೂ ಕಿಟಕಿಯನ್ನು ಎಳೆದಾಡಿ. ಎಳೆದಲ್ಲೆಲ್ಲ ಕಸ ಅಳಿಸಿಹೋದರೆ ಅದು ಯಾರೋ ಮತ್ತೆ ಬರೆಯದೆ ಬಿಟ್ಟ ಹಳೇ ಚಿತ್ರ ಅಷ್ಟೇ, ಕಾರ್ಡ್ ಸುಟ್ಟಿಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ವಿಂಡೋಸ್ ಬರೋದಕ್ಕೂ ಮುಂಚಿನ ಕಂಪನಿ ಲೋಗೋ ಮೇಲೂ ಚುಕ್ಕಿ-ಗೆರೆ ಇದ್ದರೆ ಮಾತ್ರ ಹಾರ್ಡ್‌ವೇರ್ ಬಗ್ಗೆ ಚಿಂತೆ ಮಾಡಿ, ಯಾಕಂದ್ರೆ ಆ ಹೊತ್ತಿಗೆ ನಿಮ್ಮ ಡ್ರೈವರ್ರೂ ಇಲ್ಲ, ಪ್ರೋಗ್ರಾಮೂ ಇಲ್ಲ. ಒಟ್ಟು ಐದು ನಿಮಿಷದ ಕೆಲಸ. ನಾನು ಓದಿದ ಪುಟಗಳಲ್ಲಿ ಈ ಪರೀಕ್ಷೆಗಳು ಇಲ್ಲವೇ ಇಲ್ಲ, ಇಲ್ಲಾಂದ್ರೆ ಪುಟದ ತಳದಲ್ಲಿ, ಅಷ್ಟು ಹೊತ್ತಿಗೆ ಓದುಗ ಮೂರು ಸಲ ರೀಸ್ಟಾರ್ಟ್ ಮಾಡಿ ಆಗಿರುತ್ತೆ.

ಉದಾಹರಣೆ ಕೊಡ್ತೀನಿ ಅಂದೆನಲ್ಲ. ನನ್ನ ಚಿಕ್ಕಪ್ಪನ ಮಗ ತಿಪಟೂರು ಕಡೆ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮದುವೆ ಸೀಸನ್‌ನಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಫೋನು. “ಅಣ್ಣ, ಆಲ್ಬಂ ಸಾಫ್ಟ್‌ವೇರ್ ಕ್ಲೋಸ್ ಮಾಡಿದ್ಮೇಲೆ ಸ್ಕ್ರೀನ್ ಬೆಳ್ಳಗೆ ಹೊಡೀತೈತೆ. ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗ್ತೈತೆ, ಮತ್ತೆ ಸಾಯಂಕಾಲಕ್ಕೆ ಅದೇ ಕತೆ. ಅಂಗಡಿಯವ್ರು ಕಾರ್ಡ್ ಹೋಗೈತೆ, ಹೊಸದಕ್ಕೆ 18 ಸಾವಿರ ಆಯ್ತದೆ ಅಂತವ್ರೆ. ಹಾಕಿಸ್ಲಾ ಬ್ಯಾಡ್ವಾ?”

ಹೆಲ್ಪ್ ಪೇಜಿನ ನಾಲ್ಕೂ ಮೆಟ್ಟಿಲು ಅವನು ಹತ್ತಿ ಇಳಿದಿದ್ದ. ನಾನು ಎರಡು ಚಿತ್ರ ಕಳಿಸು ಅಂದೆ. ಒಂದು ಸ್ಕ್ರೀನ್‌ಶಾಟ್, ಇನ್ನೊಂದು ಮಾನಿಟರಿನ ಮುಂದೆ ನಿಂತು ಮೊಬೈಲಲ್ಲಿ ತೆಗೆದ ಫೋಟೋ. ವಾಟ್ಸಾಪಲ್ಲಿ ಬಂತು. ಸ್ಕ್ರೀನ್‌ಶಾಟ್ ಸ್ವಚ್ಛ. ಮೊಬೈಲ್ ಫೋಟೋದಲ್ಲಿ ವಾಲ್‌ಪೇಪರಿನ ಕಪ್ಪೆಲ್ಲ ಬೂದಿ. ಅಲ್ಲಿಗೆ ಮುಗೀತು. ಆ ಸಾಫ್ಟ್‌ವೇರಿನಲ್ಲಿ ಪೂರ್ತಿ ಪರದೆಗೆ ಆಲ್ಬಂ ತೋರಿಸುವ ಒಂದು ಪ್ರಿವ್ಯೂ ಇದೆ. ಫೋಟೋಗಳು ಹೊಳೀಲಿ ಅಂತ ಅದು ಕಾರ್ಡಿನ ಬಣ್ಣದ ಕೋಷ್ಟಕವನ್ನೇ ತಿರುಚುತ್ತೆ, ಮುಚ್ಚುವಾಗ ಮೊದಲಿದ್ದ ಹಾಗೆ ವಾಪಸ್ ಇಡಲ್ಲ. ಕಾರ್ಡ್ ಗಟ್ಟಿಮುಟ್ಟಾಗಿತ್ತು. ಪ್ರಿವ್ಯೂ ಬಳಸಬೇಡ, ಬಳಸಿದರೆ ಲಾಗಾಫ್ ಆಗಿ ಬಾ ಅಂದೆ, ಸರಿಹೋಯ್ತು.

18 ಸಾವಿರ ಉಳೀತು ಅಂತ ಖುಷಿಪಡೋ ಹಾಗೂ ಇರಲಿಲ್ಲ. ಯಾಕಂದ್ರೆ ಈ ತೊಂದರೆ ಶುರುವಾಗಿ ತಿಂಗಳೇ ಆಗಿತ್ತು. ಬಿಳಚಿದ ಪರದೆ ನೋಡಿಕೊಂಡು ‘ಯಾಕೋ ಬ್ರೈಟ್ ಜಾಸ್ತಿ ಆಯ್ತಲ್ಲ’ ಅಂತ ಅವನು ಫೋಟೋಗಳ ಬೆಳಕು ಇಳಿಸುತ್ತಾ ಹೋಗಿದ್ದ. ಪ್ರಿಂಟ್ ಆಗಿ ಬಂದ ಆಲ್ಬಂಗಳಲ್ಲಿ ಎಲ್ಲಾ ಮುಖ ಕಪ್ಪು. ಒಂದು ಮನೆಯವರು ಹುಡುಗಿ ಮುಖ ಹಾಳು ಮಾಡಿದೀಯ ಅಂತ ಅಂಗಡಿ ಮುಂದೆ ಬಂದು ಕೂಗಾಡಿದ್ದರು. ಮೂರು ಆಲ್ಬಂ ತನ್ನ ಖರ್ಚಲ್ಲಿ ಮತ್ತೆ ಪ್ರಿಂಟ್ ಹಾಕಿಸಿಕೊಟ್ಟ. ಪರದೆ ಮೇಲಿನ ಕೆಡುಕು ಪರದೆ ಮೇಲೇ ಇರುತ್ತೆ, ರೀಸ್ಟಾರ್ಟ್ ಮಾಡಿದ್ರೆ ಹೋಗುತ್ತೆ ಅಂದುಕೊಂಡು ಪುಟ ಬರೆದವರಿಗೆ ಈ ಆಲ್ಬಂಗಳು ಕಾಣಲ್ಲ.

ಸರಿ, ಇದೆಲ್ಲ ಮುಚ್ಚಿದ ಮೇಲೇ ಯಾಕೆ ಆಗುತ್ತೆ? ಪರದೆ, ಕಾರ್ಡು, ಬಣ್ಣದ ಕೋಷ್ಟಕ ಯಾವ ಒಂದು ಪ್ರೋಗ್ರಾಮಿನ ಆಸ್ತಿಯೂ ಅಲ್ಲ, ಎಲ್ಲರೂ ಸರದಿಯಲ್ಲಿ ಬಳಸೋದು. ನಾನು ಚಿಕ್ಕವನಿದ್ದಾಗ ಊರಲ್ಲಿ ಎರಡು ಮೂರು ಮನೆಗೆ ಸೇರಿ ಒಂದು ಕಣ ಇರ್ತಿತ್ತು. ರಾಗಿ ಬಡಿದು, ತೂರಿ, ರಾಶಿ ಎತ್ತಿದ ಮೇಲೆ ಕಣ ಗುಡಿಸಿ ಬಿಟ್ಟುಕೊಡಬೇಕು, ಇಲ್ಲದಿದ್ದರೆ ನಿಮ್ಮ ಹೊಟ್ಟು ಇನ್ನೊಬ್ಬರ ಕಾಳಿಗೆ ಸೇರುತ್ತೆ. (ಈಗ ಎಲ್ಲರೂ ಟಾರ್ ರೋಡ್ ಮೇಲೇ ಹಾಸ್ತಾರೆ, ಬಸ್ಸೇ ಬಡಿದುಕೊಡುತ್ತೆ. ಅದು ಬೇರೆ ಕತೆ.) ಗ್ರಾಫಿಕ್ಸ್ ಪ್ರೋಗ್ರಾಂ ಮುಚ್ಚುವ ಕ್ಷಣ ಅಂದ್ರೆ ಕಣ ಬಿಟ್ಟುಕೊಡುವ ಕ್ಷಣ. ರೆಸಲ್ಯೂಷನ್ ಬದಲಾಗಿದ್ದರೆ ವಾಪಸ್ ಬರಬೇಕು, ಹಿಡಿದಿದ್ದ ಮೆಮೊರಿ ಬಿಡಬೇಕು, ಜೋರಾಗಿ ಓಡುತ್ತಿದ್ದ ಕಾರ್ಡ್ ವೇಗ ಇಳಿಸಿಕೊಂಡು ನಿದ್ದೆಗೆ ಜಾರಬೇಕು, ಡೆಸ್ಕ್‌ಟಾಪ್ ತನ್ನನ್ನು ತಾನು ಮತ್ತೆ ಬರೆದುಕೊಳ್ಳಬೇಕು. ಕೆಲವೇ ಕ್ಷಣದಲ್ಲಿ ಇಷ್ಟೂ ಆಗಬೇಕು. ಎಲ್ಲಿ ಎಡವಿದರೂ ಕಸ ಕಾಣೋದು ನಿಮಗೆ.

ಹಳೇ ಕಾಲದವರು ಇದನ್ನು ಬಲ್ಲವರಾಗಿದ್ದರು. ವಿಂಡೋಸ್ 3.1, 95ರ ಹೊತ್ತಿನಲ್ಲಿ ಎಷ್ಟೋ ಕಂಪ್ಯೂಟರುಗಳು ಒಮ್ಮೆಗೆ 256 ಬಣ್ಣ ಮಾತ್ರ ತೋರಿಸುತ್ತಿದ್ದವು. ಅದರಲ್ಲಿ 20 ಬಣ್ಣ ವಿಂಡೋಸ್ ತನ್ನ ಬಟನ್ನು, ಅಂಚು, ಪಟ್ಟಿಗಳಿಗೆ ಅಂತ ಕಾಯ್ದಿಟ್ಟುಕೊಳ್ಳುತ್ತಿತ್ತು. ಮಿಕ್ಕಿದ್ದು ಎದುರಿಗಿರುವ ಪ್ರೋಗ್ರಾಮಿಗೆ. ಫೋಟೋ ತೋರಿಸುವ ಪ್ರೋಗ್ರಾಂ ಮುಂದೆ ಬಂದರೆ ಹಿಂದಿನ ಕಿಟಕಿಗಳೆಲ್ಲ ಹೋಳಿ ಆಡಿದ ಹಾಗೆ ಕಾಣುತ್ತಿದ್ದವು. ಇನ್ನೂ ಬೇಕು ಅಂತ ಪ್ರೋಗ್ರಾಂ ಹಟ ಹಿಡಿದರೆ ಕಪ್ಪು-ಬಿಳುಪು ಎರಡನ್ನು ಉಳಿಸಿಕೊಂಡು ಮಿಕ್ಕ 18ನ್ನೂ ಬಿಟ್ಟುಕೊಡುವ ಸೌಲಭ್ಯ ಇತ್ತು. ಪ್ರೋಗ್ರಾಮರುಗಳಿಗೆ ಮೈಕ್ರೋಸಾಫ್ಟ್ ಬರೆದ ಕೈಪಿಡಿ ಆ ಜಾಗದಲ್ಲಿ ನೇರವಾಗಿ ಹೇಳುತ್ತೆ: ತಗೊಂಡರೆ, ಹೊರಡುವ ಮುಂಚೆ ವಾಪಸ್ ಇಟ್ಟು ಹೋಗಬೇಕು. ಹೊಣೆ ಯಾರದ್ದು ಅಂತ ಆ ಬರಹದಲ್ಲಿ ಅನುಮಾನವೇ ಇಲ್ಲ. ಅದೇ ಕಂಪನಿ ಬಳಕೆದಾರನಿಗೆ ಬರೆಯುವಾಗ ಮಾತ್ರ ಕರ್ತೃಪದ ಮಾಯ ಆಗುತ್ತೆ.

ವಿಂಡೋಸ್ ವಿಸ್ತಾದಿಂದ ಈಚೆಗೆ ಬಂದ ಒಂದು ಪ್ರಸಿದ್ಧ ಸಂದೇಶ ಇದೆ: ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯೆ ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ. ಅದರ ಹಿಂದಿನ ಎಂಜಿನಿಯರಿಂಗ್ ನಿಜಕ್ಕೂ ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡ್ತೀನಿ. ಹಿಂದೆ ಕಾರ್ಡ್ ಸಿಕ್ಕಿಹಾಕಿಕೊಂಡರೆ ಇಡೀ ಕಂಪ್ಯೂಟರ್ ನಿಂತು ಹೋಗೋದು ಅಥವಾ ನೀಲಿ ಪರದೆ ಬರೋದು ಮಾಮೂಲು. ವಿಸ್ತಾದಲ್ಲಿ ಒಂದು ಗಡುವು ತಂದರು. ಕೊಟ್ಟ ಕೆಲಸಕ್ಕೆ ಕಾರ್ಡ್ 2 ಸೆಕೆಂಡಿನಲ್ಲಿ ಓಗೊಡದಿದ್ದರೆ ಕಾರ್ಡನ್ನೂ ಡ್ರೈವರನ್ನೂ ಮಾತ್ರ ಮತ್ತೆ ಎಬ್ಬಿಸೋದು, ಮಿಕ್ಕ ಕೆಲಸ ನಡೀತಿರಲಿ ಅಂತ. ಎಷ್ಟು ಜನರ ಸೇವ್ ಮಾಡದ ಫೈಲುಗಳು ಇದರಿಂದ ಉಳಿದಿವೆಯೋ.

ವಾಕ್ಯ ಮಾತ್ರ ಒಳ್ಳೇದಲ್ಲ. ಅದರಲ್ಲಿ ಡ್ರೈವರ್ ತಾನೇ ಬಿತ್ತು, ತಾನೇ ಎದ್ದಿತು. ಯಾವ ಪ್ರೋಗ್ರಾಮಿನ ಕೆಲಸ ಮಾಡುವಾಗ ಬಿತ್ತು, ಎದ್ದ ಮೇಲೆ ಏನು ಕಳಕೊಂಡಿತು, ಮೊನ್ನೆಯೂ ಬಿದ್ದಿತ್ತಾ? ಒಂದೂ ಇಲ್ಲ. ‘ಚೇತರಿಸಿಕೊಂಡಿದೆ’ ಅನ್ನುವ ಪದ ಓದುಗನಿಗೆ ಮುಂದೆ ಹೋಗು ಅಂತ ಕೈ ಬೀಸುತ್ತೆ. ಆದರೆ ಕಾರ್ಡ್ ಮತ್ತೆ ಎದ್ದಾಗ ಅದರ ಮೆಮೊರಿಯಲ್ಲಿದ್ದ ಚಿತ್ರಗಳು ಹೋಗಿರುತ್ತವೆ. ತೆರೆದಿರುವ ಪ್ರತಿ ಪ್ರೋಗ್ರಾಮೂ ತನ್ನದನ್ನು ಮತ್ತೆ ಕಟ್ಟಿಕೊಳ್ಳಬೇಕು. ಅಷ್ಟು ಜವಾಬ್ದಾರಿಯಿಂದ ಬರೆಯದ ಪ್ರೋಗ್ರಾಮುಗಳ ಕಿಟಕಿಯಲ್ಲಿ ಕಪ್ಪು ಡಬ್ಬಿ, ಹರಿದ ಚಿತ್ರ ಉಳಿಯೋದು ಹೀಗೆ. ಅಂದರೆ ಚೇತರಿಕೆಯ ಆಚೆಗೂ ಒಂದು ಭಾಗ ಇದೆ, ಅದನ್ನು ವಾಕ್ಯ ನುಂಗಿಕೊಂಡಿದೆ. ವಿವರ ಬೇಕಾದವರು ಈವೆಂಟ್ ವ್ಯೂವರ್ ತೆಗೆದು ಸಿಸ್ಟಂ ಲಾಗಿನಲ್ಲಿ 4101 ಅನ್ನುವ ನಂಬರ್ ಹುಡುಕಬೇಕು. ಗ್ರಾಫಿಕ್ಸ್ ಪ್ರೋಗ್ರಾಂ ಮುಚ್ಚಿದ ಸಮಯಕ್ಕೆ ಸರಿಯಾಗಿ ಅದು ದಾಖಲಾಗಿದ್ದರೆ ಅರ್ಧ ರೋಗ ಪತ್ತೆ ಆದ ಹಾಗೆ.

ಇನ್ನೂ ಒಂದು ಹೊಟ್ಟೆ ಉರಿಯುವ ವಿಷಯ. ವಿಂಡೋಸ್ 10ರಲ್ಲೂ 11ರಲ್ಲೂ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಪರದೆ ಒಂದು ಸಲ ಕಪ್ಪಾಗಿ ಗ್ರಾಫಿಕ್ಸ್ ಡ್ರೈವರ್ ಮಾತ್ರ ಹೊಸದಾಗಿ ಶುರುವಾಗುತ್ತೆ. ತೆರೆದ ಫೈಲುಗಳನ್ನು ಮುಚ್ಚಬೇಕಾಗಿಲ್ಲ, ರೀಸ್ಟಾರ್ಟ್ ಬೇಕಾಗಿಲ್ಲ. ಇಷ್ಟು ಉಪಯೋಗದ ಕೀಲಿಯನ್ನು ಇಟ್ಟುಕೊಂಡು ಎಷ್ಟೋ ಪುಟಗಳು ಮೊದಲ ಸಾಲಿನಲ್ಲಿ ರೀಸ್ಟಾರ್ಟ್ ಅನ್ನುತ್ತವೆ. ಇನ್ನೊಂದು ಕಡೆ, ಕೆಲವು ತ್ರೀಡಿ ಸಾಫ್ಟ್‌ವೇರುಗಳ ಪುಟಗಳು ರಿಜಿಸ್ಟ್ರಿ ಒಳಗೆ ಇಳಿದು ಆ 2 ಸೆಕೆಂಡಿನ ಗಡುವನ್ನೇ ಹಿಗ್ಗಿಸಿ ಅಂತ ಸಾಮಾನ್ಯ ಬಳಕೆದಾರನಿಗೆ ಹೇಳಿಕೊಡುತ್ತವೆ. ನಮ್ಮ ಪ್ರೋಗ್ರಾಂ ಕಾರ್ಡನ್ನು ಬಹಳ ಹೊತ್ತು ಹಿಡಿದುಕೊಳ್ಳುತ್ತೆ ಅಂತ ಒಪ್ಪಿಕೊಳ್ಳೋದಕ್ಕಿಂತ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಡೋದು ಸುಲಭ.

ಹಾಗಾದ್ರೆ ಈ ಜಾತಿಯಲ್ಲಿ ಒಳ್ಳೇ ಬರವಣಿಗೆ ಇಲ್ಲವೇ ಇಲ್ವಾ? ಇದೆ. ಅದು ಬಂದಿದ್ದು ಚಿತ್ರವೇ ಇಲ್ಲದ ಕಡೆಯಿಂದ. ಯುನಿಕ್ಸ್, ಲಿನಕ್ಸ್‌ನ ಕಪ್ಪು ಟರ್ಮಿನಲ್‌ನಲ್ಲಿ ಯಾವುದೋ ಪ್ರೋಗ್ರಾಂ ಅರ್ಧಕ್ಕೆ ಸತ್ತರೆ ಅಕ್ಷರಗಳು ವಿಚಿತ್ರ ಗುರುತುಗಳಾಗಿ, ಟೈಪ್ ಮಾಡಿದ್ದು ಕಾಣದೆ ಹೋಗುತ್ತೆ. ಅದನ್ನು ಸರಿ ಮಾಡುವ ಆಜ್ಞೆ ‘ರೀಸೆಟ್’. ಅದರ ಕೈಪಿಡಿ ಪುಟ ಮೊದಲಿಗೆ ಇದು ಯಾವಾಗ ಬೇಕಾಗುತ್ತೆ ಅಂತ ಹೇಳುತ್ತೆ: ಪ್ರೋಗ್ರಾಂ ಸತ್ತು ಟರ್ಮಿನಲನ್ನು ಅಡ್ಡಾದಿಡ್ಡಿ ಬಿಟ್ಟುಹೋದಾಗ. ಆಮೇಲೆ ಎಚ್ಚರಿಸುತ್ತೆ: ಆ ಸ್ಥಿತಿಯಲ್ಲಿ ನಿಮ್ಮ ಎಂಟರ್ ಕೀಲಿ ಕೆಲಸ ಮಾಡದೇ ಇರಬಹುದು, ಅದರ ಬದಲು ಕಂಟ್ರೋಲ್-ಜೆ ಒತ್ತಿ, ರೀಸೆಟ್ ಅಂತ ಬರೆದು ಮತ್ತೆ ಕಂಟ್ರೋಲ್-ಜೆ ಒತ್ತಿ. ಮತ್ತೆ, ನೀವು ಬರೆಯುವ ಅಕ್ಷರ ನಿಮಗೆ ಕಾಣಿಸದೇ ಇರಬಹುದು. ನಾನು ಮೊದಲ ಸಲ ಇದನ್ನು ಓದಿದಾಗ ಇಂಜಿನಿಯರಿಂಗ್ ಎರಡನೇ ವರ್ಷ. ಇಂಗ್ಲಿಷ್ ತಡಕಾಡಿಕೊಂಡು ಓದುವ ಹುಡುಗನಿಗೂ ಅರ್ಥ ಆಯ್ತು, ಯಾಕಂದ್ರೆ ಬರೆದವರು ನನ್ನ ಪಕ್ಕದಲ್ಲಿ, ಅದೇ ಕೆಟ್ಟ ಪರದೆ ಮುಂದೆ ಕೂತು ಬರೆದ ಹಾಗಿತ್ತು. ನಾಲ್ಕೇ ಸಾಲು. ಓದುಗನ ಕಣ್ಣಿಗೆ ಈಗ ಏನು ಕಾಣ್ತಿದೆ, ಕೈಗೆ ಏನು ಸಿಗಲ್ಲ ಅನ್ನುವ ಅಂದಾಜು ಆ ನಾಲ್ಕು ಸಾಲಿನಲ್ಲಿದೆ.

ಸಪೋರ್ಟ್ ಟೀಮಿನಲ್ಲಿ ಕೆಲಸ ಮಾಡುವ ಗೆಳೆಯರು ನನ್ನ ಮೇಲೆ ಜಗಳಕ್ಕೆ ಬರ್ತಾರೆ, ಗೊತ್ತು. ಲಕ್ಷಾಂತರ ಜನಕ್ಕೆ ಒಂದೇ ಪುಟ ಬರೀಬೇಕು, ಸಾವಿರ ಥರದ ಕಾರ್ಡುಗಳಿವೆ, ಬಹಳ ಜನಕ್ಕೆ ರೀಸ್ಟಾರ್ಟ್‌ನಿಂದಲೇ ಸರಿಹೋಗುತ್ತೆ ಮಾರಾಯ, ಅವರಿಗೆ ಬಣ್ಣದ ಕೋಷ್ಟಕದ ಪಾಠ ಯಾಕೆ? ನ್ಯಾಯವಾದ ಮಾತೇ. ಒಂದು ಸಲ ಬಂದು ಹೋಗುವ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ಪುಟ ಹುಡುಕಿಕೊಂಡು ಬರುವವನು ಬಹುತೇಕ ರೀಸ್ಟಾರ್ಟ್ ಮಾಡಿ ನೋಡಿ, ಸೋತು ಬಂದವನು. ಅವನಿಗೆ ಮತ್ತೆ ಅದನ್ನೇ ಹೇಳಿದರೆ ಆಮೇಲೆ ಅವನು ಹೋಗೋದು ರಿಪೇರಿ ಅಂಗಡಿಗೆ, ಅಲ್ಲಿ ಹೊಸ ಕಾರ್ಡ್ ರೆಡಿ ಇರುತ್ತೆ.

ಕೊನೇ ಮೆಟ್ಟಿಲಾದ ‘ಕಾರ್ಡ್ ಮಾಡಿದವರನ್ನು ಕೇಳಿ’ ಎಲ್ಲಿಗೆ ಮುಟ್ಟಿಸುತ್ತೆ ಅನ್ನೋದಕ್ಕೆ 2016ರ ಜನವರಿಯಲ್ಲಿ ಸುದ್ದಿಯಾದ ಪ್ರಸಂಗ ಇದೆ. ಕೆನಡಾದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ತನ್ನ ಮ್ಯಾಕ್‌ನಲ್ಲಿ ಡಯಾಬ್ಲೊ 3 ಗೇಮ್ ತೆರೆದಾಗ, ಗೇಮಿನ ಕಪ್ಪು ಪರದೆ ಬರಬೇಕಾದ ಕಡೆ, ಅವನು ಅದಕ್ಕೂ ಮುಂಚೆ ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ನೋಡಿ ಮುಚ್ಚಿದ್ದ ಪುಟದ ಚಿತ್ರ ಕಾಣಿಸಿಕೊಂಡಿತು. ಕಾರ್ಡಿನ ಮೆಮೊರಿಯನ್ನು ಯಾರೂ ಒರೆಸದೆ ಇನ್ನೊಬ್ಬರ ಕೈಗೆ ಕೊಟ್ಟಿದ್ದರು. ಅವನು ಸುಮಾರು ಎರಡು ವರ್ಷ ಮೊದಲೇ ದೂರು ಕೊಟ್ಟಿದ್ದನಂತೆ. ಗೂಗಲ್‌ನವರು ಅದೇ ಕಂಪ್ಯೂಟರ್ ಬಳಸುವ ಇನ್ನೊಬ್ಬರಿಂದ ಕಾಪಾಡೋದು ಇನ್‌ಕಾಗ್ನಿಟೋದ ಉದ್ದೇಶವಲ್ಲ ಅಂದರು. ಎನ್ವಿಡಿಯಾದವರು ಇದು ಆಪಲ್‌ನ ಮೆಮೊರಿ ನಿರ್ವಹಣೆಗೆ ಸೇರಿದ್ದು, ನಮ್ಮ ಡ್ರೈವರಿಗಲ್ಲ ಅಂದರು. ಗುಡಿಸುವ ಪೊರಕೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ತಿರುಗಿತು.

ಇಷ್ಟು ದಿನ ಹಾಗೆ ಉಳಿಯುತ್ತಿದ್ದದ್ದು ಹೆಚ್ಚೆಂದರೆ ಬಣ್ಣ, ಗೆರೆ, ಅರೆಬರೆ ಚಿತ್ರ. ಈಗ ಅದೇ ಕಾರ್ಡುಗಳ ಮೇಲೆ ಎಐ ಓಡ್ತಿದೆ. 2024ರ ಜನವರಿಯಲ್ಲಿ ಟ್ರೇಲ್ ಆಫ್ ಬಿಟ್ಸ್ ಅನ್ನುವ ಸಂಸ್ಥೆಯ ಸಂಶೋಧಕರು ‘ಲೆಫ್ಟ್‌ಓವರ್ ಲೋಕಲ್ಸ್’ ಅಂತ ಹೆಸರಿಟ್ಟು ಒಂದು ದೋಷ ಹೊರಗಿಟ್ಟರು. ಆಪಲ್, ಎಎಂಡಿ, ಕ್ವಾಲ್ಕಾಮ್, ಇಮ್ಯಾಜಿನೇಷನ್ ಕಂಪನಿಗಳ ಕೆಲವು ಜಿಪಿಯುಗಳಲ್ಲಿ ಒಂದು ಪ್ರೋಗ್ರಾಂ ಬಿಟ್ಟುಹೋದದ್ದನ್ನು ಇನ್ನೊಂದು ಪ್ರೋಗ್ರಾಂ ಓದಬಹುದಿತ್ತು. ಎಐ ಜೊತೆ ಒಬ್ಬರು ನಡೆಸಿದ ಮಾತುಕತೆಯ ಉತ್ತರಗಳನ್ನು ಆ ಕಸದಿಂದಲೇ ಮತ್ತೆ ಕಟ್ಟಿ ತೋರಿಸಿದರು. ಇಲ್ಲಿ ಪರದೆ ಮೇಲೆ ಒಂದು ಚುಕ್ಕಿಯೂ ಕಾಣಲ್ಲ. ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸೋಕೂ ಆಗಲ್ಲ.

ಕಾಣುವ ಕಾಯಿಲೆಗಾದರೂ ಕನ್ನಡದಲ್ಲಿ ಒಂದು ಪುಟ ಬರೆಯಬೇಕು ಅಂತ ನಾನೂ ಒಬ್ಬ ಗೆಳೆಯನೂ ಕೂತಿದ್ದೀವಿ. ‘ಡಿಸ್‌ಪ್ಲೇ ಕರಪ್ಷನ್’ಗೆ ಒಂದೇ ಪದ ಹುಡುಕೋದು ಬಿಟ್ಟಿದ್ದೀವಿ. ಸ್ಟುಡಿಯೋದವರು, ಡಿಟಿಪಿ ಸೆಂಟರಿನವರು ಫೋನಲ್ಲಿ ಹೇಳುವ ಮಾತೇ ಸಾಕು: ಗೆರೆ ಬರ್ತಿದೆ, ಚೂರಾಗಿದೆ, ಹಳೇದು ಅಂಟಿಕೊಂಡಿದೆ, ಬೆಳ್ಳಗೆ ಹೊಡೀತಿದೆ. ನಾಲ್ಕಕ್ಕೂ ನಾಲ್ಕು ದಾರಿ. ಮೊದಲ ಸಾಲು ಬರೆದಾಗಿದೆ: ‘ಕಂಪ್ಯೂಟರ್ ಆಫ್ ಮಾಡಬೇಡಿ. ಮೊದಲು ಒಂದು ಸ್ಕ್ರೀನ್‌ಶಾಟ್, ಆಮೇಲೆ ಮೊಬೈಲಲ್ಲಿ ಮಾನಿಟರಿನ ಒಂದು ಫೋಟೋ ತೆಗೆಯಿರಿ. ಎರಡೂ ಒಂದೇ ಥರ ಇದೆಯಾ?’